ಎಂಜಿನ್ ಇಳಿಸುವ ಮುನ್ನ: ಆಟೊಮ್ಯಾಟಿಕ್ ಕಾರಿಗೆ ಗೇರು ಹಾಕಿಸುವವರು ತಿಳಿದಿರಬೇಕಾದ ವಿಷಯಗಳು

ಮೇ ತಿಂಗಳ ರಜೆ ಸಮೀಪಿಸಿತೆಂದರೆ ಮುಂಬಯಿ, ಠಾಣೆ, ನವಿಮುಂಬಯಿಯ ಕನ್ನಡಿಗರ ಮನೆಗಳಲ್ಲಿ ಊರಿನ ಮಾತು ಆರಂಭವಾಗುತ್ತದೆ. ರೈಲಿನ ಟಿಕೆಟು ಸಿಗದವರು, ವಯಸ್ಸಾದ ತಂದೆ ತಾಯಿಯನ್ನು ಜೊತೆಗೆ ಕರೆದೊಯ್ಯಬೇಕಾದವರು ಸ್ವಂತ ಕಾರನ್ನೇ ಹೊರಡಿಸುತ್ತಾರೆ. ಕರಾವಳಿಯ ದಾರಿಯಾಗಲಿ, ಪುಣೆ, ಕೊಲ್ಲಾಪುರ, ಬೆಳಗಾವಿಯ ದಾರಿಯಾಗಲಿ, ನಡುವೆ ಘಾಟಿ ಇದ್ದೇ ಇದೆ. ಕಾರು ಗಟ್ಟಿಯಾಗಿದ್ದರೆ ಮಾತ್ರ ಈ ಪ್ರಯಾಣ ಸುಖಕರ.

ಹೀಗೊಂದು ಸನ್ನಿವೇಶವನ್ನು ಊಹಿಸಿಕೊಳ್ಳಬಹುದು. ಡೊಂಬಿವಲಿಯ ಗೃಹಸ್ಥರೊಬ್ಬರ ಬಳಿ ಹತ್ತು ಹನ್ನೆರಡು ವರ್ಷ ಹಳೆಯ ಆಟೊಮ್ಯಾಟಿಕ್ ಕಾರು ಇದೆ. ಎಡ ಮೊಣಕಾಲಿನ ನೋವಿನಿಂದಾಗಿ ಕ್ಲಚ್ ಇಲ್ಲದ ಗಾಡಿಯೇ ಬೇಕೆಂದು ಕೊಂಡದ್ದು. ರಜೆಗೆ ತಿಂಗಳಿರುವಾಗ ಅದರ ಎಂಜಿನ್ ಕೆಟ್ಟು ನಿಂತಿದೆ, ಗೇರ್‌ಬಾಕ್ಸೂ ಹೋಗಿದೆ. ಗ್ಯಾರೇಜಿನ ಮೆಕ್ಯಾನಿಕ್ ಹೇಳುವ ಮಾತು ಸರಳ: "ಎಂಜಿನ್ ಹೇಗೂ ಇಳಿಸಲೇಬೇಕು ಸಾಹೇಬ್ರೆ. ಆಟೊಮ್ಯಾಟಿಕ್ ಬಾಕ್ಸ್ ತುಟ್ಟಿ. ಒಟ್ಟಿಗೇ ಗೇರ್ ಗಾಡಿಯ ಎಂಜಿನ್, ಗೇರ್‌ಬಾಕ್ಸ್ ಕೂರಿಸಿಬಿಡೋಣ. ಇನ್ನು ನಿಮಗೆ ತಲೆನೋವಿಲ್ಲ."

ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದ ಅರ್ಧ ತಿಳಿಯದೆ ಒಪ್ಪಿಕೊಂಡರೆ ಹಣ ಹೋಗುವುದಷ್ಟೇ ಅಲ್ಲ, ಗಾಡಿಯ ಕಾಗದ ಪತ್ರ, ವಿಮೆ ಮತ್ತು ಮನೆಯವರ ಸುರಕ್ಷತೆಯೂ ಗೊಂದಲಕ್ಕೆ ಸಿಲುಕುತ್ತವೆ.

ಎರಡೂ ಒಟ್ಟಿಗೆ ಕೆಡುವುದು ಹೇಗೆ?

ಅನೇಕ ಆಟೊಮ್ಯಾಟಿಕ್ ಕಾರುಗಳಲ್ಲಿ ಗೇರ್‌ಬಾಕ್ಸಿನ ಎಣ್ಣೆಯನ್ನು ತಂಪುಗೊಳಿಸುವ ಕೊಳವೆ ರೇಡಿಯೇಟರಿನ ಒಳಗೇ ಇರುತ್ತದೆ. ವರ್ಷಗಳು ಕಳೆದಂತೆ ಅದು ತೂತಾದರೆ ರೇಡಿಯೇಟರಿನ ನೀರು ಎಣ್ಣೆಗೆ, ಎಣ್ಣೆ ನೀರಿಗೆ ಸೇರುತ್ತದೆ. ಗೇರ್‌ಬಾಕ್ಸಿನ ಒಳಗಿನ ಪ್ಲೇಟುಗಳು ಹಾಳಾಗುತ್ತವೆ, ಇತ್ತ ಎಂಜಿನ್ ಕಾದು ಹೆಡ್ ಗ್ಯಾಸ್ಕೆಟ್ ಸುಡುತ್ತದೆ.

ಇನ್ನೊಂದು ಕಾರಣ ಮುಂಬಯಿಯ ಮಳೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದುದನ್ನು ಇಲ್ಲಿನ ಯಾರೂ ಮರೆತಿಲ್ಲ. ನೀರಿನಲ್ಲಿ ನಿಂತ ಕಾರನ್ನು ಗಡಿಬಿಡಿಯಿಂದ ಸ್ಟಾರ್ಟ್ ಮಾಡಿದರೆ ಸಿಲಿಂಡರಿಗೆ ನೀರು ನುಗ್ಗುತ್ತದೆ. ಗಾಳಿಯಂತೆ ನೀರನ್ನು ಒತ್ತಿ ಕುಗ್ಗಿಸಲಾಗದು. ಪಿಸ್ಟನ್ ಅಲ್ಲೇ ತಡೆದು ಕನೆಕ್ಟಿಂಗ್ ರಾಡ್ ಬಾಗುತ್ತದೆ. ಗೇರ್‌ಬಾಕ್ಸಿನ ಉಸಿರಾಟದ ರಂಧ್ರದ ಮೂಲಕ ಅಲ್ಲಿಗೂ ನೀರು ಸೇರಬಹುದು. ಆದ್ದರಿಂದ ಮುಳುಗಿದ ಗಾಡಿಯನ್ನು ಸ್ಟಾರ್ಟ್ ಮಾಡದೆ ಎಳೆಸಿಕೊಂಡು ಹೋಗುವುದೇ ಜಾಣತನ.

ಎರಡೂ ಕೆಟ್ಟಾಗ ಗೇರಿನ ಗಾಡಿಯಾಗಿ ಬದಲಿಸುವ ಯೋಚನೆ ಬರುವುದು ಸಹಜ. ಎಂಜಿನ್ ಮತ್ತು ಗೇರ್‌ಬಾಕ್ಸ್ ಸಾಮಾನ್ಯವಾಗಿ ಒಟ್ಟಿಗೇ ಕೆಳಗಿಳಿಯುತ್ತವೆ, ಕೂಲಿ ಒಂದೇ ಸಲ ಬೀಳುತ್ತದೆ. ಮೆಕ್ಯಾನಿಕ್ ಹೇಳಿದ ಅರ್ಧ ಸತ್ಯ ಇದೇ.

ಕಾರ್ಖಾನೆ ಕಲಿಸಿದ ಪಾಠ

ಎಂಜಿನ್ ಬದಲಾದಾಗ ಗೇರೂ ಬದಲಾದ ಉದಾಹರಣೆಗಳು ನಮ್ಮ ದೇಶದಲ್ಲಿ ಹಿಂದೆಯೂ ಇವೆ. ಮುಂಬಯಿಯ ಕಪ್ಪು ಹಳದಿ ಟ್ಯಾಕ್ಸಿ ಎಂದೇ ಮನೆಮಾತಾಗಿದ್ದ ಪ್ರೀಮಿಯರ್ ಪದ್ಮಿನಿಯ ಗೇರು ಸ್ಟೀರಿಂಗಿನ ಪಕ್ಕದಲ್ಲಿತ್ತು. ಅದೇ ಕಂಪೆನಿ 1985ರಲ್ಲಿ 118ಎನ್‌ಇ ಕಾರನ್ನು ತಂದಾಗ ನಿಸಾನ್ ಎಂಜಿನ್ ಜೊತೆಗೆ ನಿಸಾನ್ ಗೇರ್‌ಬಾಕ್ಸನ್ನೇ ಅಳವಡಿಸಿತು, ಗೇರಿನ ಕೋಲು ಎರಡು ಸೀಟುಗಳ ನಡುವೆ ನೆಲಕ್ಕೆ ಇಳಿಯಿತು. ಅಂಬಾಸಿಡರ್‌ಗೆ 1990ರ ದಶಕದ ಆರಂಭದಲ್ಲಿ ಇಸುಜು 1.8 ಲೀಟರ್ ಎಂಜಿನ್ ಬಂದಾಗಲೂ ಐದು ಗೇರಿನ, ನೆಲದಲ್ಲಿ ಕೋಲಿರುವ ಗೇರ್‌ಬಾಕ್ಸ್ ಜೊತೆಯಾಯಿತು. 2003ರ ಅಕ್ಟೋಬರ್‌ನಲ್ಲಿ ನೋಂದಣಿಯಾದ ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿ ಇಪ್ಪತ್ತು ವರ್ಷ ತುಂಬಿ 2023ರ ಅಕ್ಟೋಬರ್‌ನಲ್ಲಿ ರಸ್ತೆಯಿಂದ ಮರೆಯಾಯಿತು.

ಇವೆಲ್ಲ ಆಟೊಮ್ಯಾಟಿಕ್ ಗಾಡಿಗಳಲ್ಲ ನಿಜ. ಆದರೆ ಪಾಠ ಒಂದೇ. ಕಾರ್ಖಾನೆಯವರು ಎಂಜಿನ್ ಮತ್ತು ಗೇರ್‌ಬಾಕ್ಸನ್ನು ಬಿಡಿ ಸಾಮಾನು ಎಂದು ನೋಡಲಿಲ್ಲ, ಒಂದು ಜೋಡಿ ಎಂದು ನೋಡಿದರು. ಗ್ಯಾರೇಜಿನಲ್ಲಿ ಕೆಲಸ ಕೆಡುವುದು ಈ ಜೋಡಿಯನ್ನು ಮರೆತಾಗ.

ಬದಲಾಗುವುದು ಏನೇನು?

ಆಟೊಮ್ಯಾಟಿಕ್ ಗಾಡಿಗಳೆಲ್ಲ ಒಂದೇ ಬಗೆಯಲ್ಲ. ಹಿಂದಿನ ಮಾರುತಿ ಝೆನ್, ಹ್ಯೂಂಡೈ ಸ್ಯಾಂಟ್ರೋಗಳ ಆಟೊಮ್ಯಾಟಿಕ್ ಮಾದರಿಗಳಲ್ಲಿ ಕ್ಲಚ್ಚಿನ ಬದಲು ಎಣ್ಣೆ ತುಂಬಿದ ಟಾರ್ಕ್ ಕನ್ವರ್ಟರ್ ಇರುತ್ತಿತ್ತು. ಸಿವಿಟಿ ಗಾಡಿಯಲ್ಲಿ ಎರಡು ಪುಲ್ಲಿಗಳ ನಡುವೆ ಉಕ್ಕಿನ ಪಟ್ಟಿ ಓಡುತ್ತದೆ. 2014ರಲ್ಲಿ ಮಾರುತಿ ಸೆಲೇರಿಯೊ ಮೂಲಕ ಬಂದ ಎಎಂಟಿಯಲ್ಲಿ ಒಳಗಿರುವುದು ಸಾಧಾರಣ ಗೇರ್‌ಬಾಕ್ಸ್ ಮತ್ತು ಕ್ಲಚ್ಚೇ, ಅವನ್ನು ಯಂತ್ರ ಒತ್ತುತ್ತದೆ ಅಷ್ಟೆ. ಎಎಂಟಿ ಕೈಕೊಟ್ಟಿದೆ ಎಂದರೆ ಹಲವು ವೇಳೆ ಕ್ಲಚ್ ಪ್ಲೇಟು ಸವೆದಿರುತ್ತದೆ ಅಥವಾ ಅದನ್ನು ಒತ್ತುವ ಯಂತ್ರ ಹೋಗಿರುತ್ತದೆ. ಅದಕ್ಕಾಗಿ ಇಡೀ ಗೇರ್‌ಬಾಕ್ಸ್ ಬದಲಿಸಬೇಕಿಲ್ಲ. ರೋಗ ಯಾವುದೆಂದು ಮೊದಲು ತಿಳಿಯಬೇಕು.

ಟಾರ್ಕ್ ಕನ್ವರ್ಟರ್ ಇರುವ ಗಾಡಿಯನ್ನು ಗೇರಿಗೆ ಬದಲಿಸುವಾಗ ಎಂಜಿನ್ ತುದಿಯ ತೆಳು ತಗಡಿನ ಫ್ಲೆಕ್ಸ್ ಪ್ಲೇಟು ಹೋಗಿ ಭಾರವಾದ ಫ್ಲೈವೀಲ್ ಬರಬೇಕು. ಎರಡರ ಬೋಲ್ಟುಗಳ ಉದ್ದ ಬೇರೆ. ಹಳೆಯ ಬೋಲ್ಟನ್ನೇ ಬಿಗಿದರೆ ಎಂದಾದರೊಂದು ದಿನ ಸಡಿಲಗೊಳ್ಳುವ ಅಪಾಯವಿದೆ. ಕ್ಲಚ್ ಪ್ಲೇಟು, ಪ್ರೆಷರ್ ಪ್ಲೇಟು, ರಿಲೀಸ್ ಬೇರಿಂಗ್ ಹೊಸದಾಗಿ ಬರುತ್ತವೆ. ಕಾಲಿನ ಬಳಿ ಮೂರನೆಯ ಪೆಡಲ್, ಅದರ ಕೇಬಲ್ ಅಥವಾ ಎಣ್ಣೆಯ ಸಿಲಿಂಡರ್ ಬೇಕು. ಗೇರಿನ ಕೋಲು, ಅದರ ಕೇಬಲ್ಲು, ಗೇರ್‌ಬಾಕ್ಸನ್ನು ಹಿಡಿದಿಡುವ ಮೌಂಟಿಂಗ್, ಅನೇಕ ಗಾಡಿಗಳಲ್ಲಿ ಚಕ್ರಕ್ಕೆ ಹೋಗುವ ಡ್ರೈವ್ ಶಾಫ್ಟು ಕೂಡ ಬೇರೆಯೇ. ರೇಡಿಯೇಟರಿನಲ್ಲಿ ಉಳಿದ ಎಣ್ಣೆಯ ಬಾಯಿಗಳನ್ನು ಭದ್ರವಾಗಿ ಮುಚ್ಚಬೇಕು.

ಕಣ್ಣಿಗೆ ಕಾಣದ ಕೆಲಸ ವೈರಿಂಗಿನದು. ಎಂಜಿನ್ನಿನ ಕಂಪ್ಯೂಟರ್ ಆಟೊಮ್ಯಾಟಿಕ್ ಗೇರ್‌ಬಾಕ್ಸಿನಿಂದ ಸಂದೇಶ ಬರುತ್ತದೆಂದು ಕಾಯುತ್ತಿರುತ್ತದೆ. ಸಂದೇಶ ಬಾರದಿದ್ದರೆ ಡ್ಯಾಶ್‌ಬೋರ್ಡಿನ ಎಚ್ಚರಿಕೆಯ ದೀಪ ಆರುವುದಿಲ್ಲ, ಕೆಲವು ಗಾಡಿಗಳು ವೇಗವನ್ನೇ ತಗ್ಗಿಸಿಕೊಳ್ಳುತ್ತವೆ. ಗೇರಿನ ಮಾದರಿಯ ಕಂಪ್ಯೂಟರ್ ಹಾಕಿದರೆ ಕೀಲಿಯ ಗುಪ್ತ ಸಂಕೇತವನ್ನೂ ಅದಕ್ಕೆ ಹೊಂದಿಸಬೇಕು.

ಎಲ್ಲಕ್ಕಿಂತ ಗಮನಿಸಬೇಕಾದ್ದು ಸ್ಟಾರ್ಟರಿನ ವೈರು. ಆಟೊಮ್ಯಾಟಿಕ್ ಕಾರು ಪಾರ್ಕ್ ಅಥವಾ ನ್ಯೂಟ್ರಲ್‌ನಲ್ಲಿ ಇದ್ದರೆ ಮಾತ್ರ ಸ್ಟಾರ್ಟ್ ಆಗುತ್ತದೆ. ಹಳೆಯ ಗೇರ್‌ಬಾಕ್ಸ್ ಹೋದಾಗ ಈ ಸ್ವಿಚ್ಚೂ ಹೋಗುತ್ತದೆ. ಸುಲಭದ ದಾರಿ ಹಿಡಿಯುವವರು ಎರಡು ವೈರು ತಿರುಚಿ ಕೂಡಿಸಿಬಿಡುತ್ತಾರೆ. ಆಮೇಲೆ ಗೇರಿನಲ್ಲಿದ್ದ ಗಾಡಿಯ ಕೀಲಿಯನ್ನು ಮಗುವೊಂದು ತಿರುಗಿಸಿದರೂ ಅದು ಮುಂದಕ್ಕೆ ಹಾರುತ್ತದೆ. ಆ ವೈರನ್ನು ಕ್ಲಚ್ ಪೆಡಲಿನ ಸ್ವಿಚ್ಚಿಗೆ ಜೋಡಿಸಿ, ಕ್ಲಚ್ ಒತ್ತಿದರೆ ಮಾತ್ರ ಸ್ಟಾರ್ಟ್ ಆಗುವಂತೆ ಮಾಡಿಸಿಕೊಳ್ಳಬೇಕು. ರಿವರ್ಸ್ ದೀಪದ ಸ್ವಿಚ್ಚನ್ನೂ ಪರೀಕ್ಷಿಸಬೇಕು.

ಈ ಸಾಮಾನುಗಳನ್ನು ಒಂದೊಂದಾಗಿ ಹುಡುಕಲು ಹೊರಟರೆ ಲೆಕ್ಕ ಕೈಮೀರುತ್ತದೆ. ಬದಲಿಸಲೇಬೇಕೆಂದಿದ್ದರೆ ಅದೇ ಮಾದರಿಯ ಗೇರಿನ ಕಾರೊಂದರಿಂದ ಎಂಜಿನ್, ಗೇರ್‌ಬಾಕ್ಸ್, ಪೆಡಲ್, ಶಾಫ್ಟು, ವೈರಿಂಗ್, ಕಂಪ್ಯೂಟರ್ ಎಲ್ಲವನ್ನೂ ಒಂದೇ ಕಡೆಯಿಂದ ಪಡೆಯುವುದು ಮೇಲು.

ಆರ್‌ಸಿ ಪುಸ್ತಕದ ಪ್ರಶ್ನೆ

ಮುಂಬಯಿಯಲ್ಲಿ ಕುರ್ಲಾದ ಸಿಎಸ್‌ಟಿ ರಸ್ತೆ, ದೆಹಲಿಯಲ್ಲಿ ಮಾಯಾಪುರಿ, ಚೆನ್ನೈಯಲ್ಲಿ ಪುದುಪೇಟೆ ಹಳೆಯ ಬಿಡಿಭಾಗಗಳಿಗೆ ಹೆಸರಾದ ಜಾಗಗಳು. ಎಲ್ಲೇ ಕೊಂಡರೂ ಎಂಜಿನ್ ಮೇಲಿನ ಸಂಖ್ಯೆ, ಅದು ಬಂದ ಗಾಡಿಯ ದಾಖಲೆ ಮತ್ತು ಅಂಗಡಿಯ ರಸೀದಿ ಕೈಯಲ್ಲಿರಬೇಕು. ಸಂಖ್ಯೆ ಉಜ್ಜಿ ಅಳಿಸಿದ ಎಂಜಿನ್ ಎಷ್ಟು ಅಗ್ಗವಾದರೂ ಬೇಡ. ಕಳವಿನ ಗಾಡಿಯದಾಗಿದ್ದರೆ ಪೊಲೀಸರ ಮುಂದೆ ನಿಲ್ಲಬೇಕಾದವರು ಕಾರಿನ ಮಾಲೀಕರೇ.

ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮಿನ ಪ್ರಕಾರ, ತಯಾರಕರು ಮೂಲತಃ ನಮೂದಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ, ಅನುಮತಿಯಿಲ್ಲದೆ ಗಾಡಿಯನ್ನು ಮಾರ್ಪಡಿಸುವ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು ಅಥವಾ ಪ್ರತಿ ಬದಲಾವಣೆಗೆ 5000 ರೂಪಾಯಿ ದಂಡ, ಅಥವಾ ಎರಡೂ ವಿಧಿಸಲು ಅವಕಾಶ ಮಾಡಲಾಯಿತು. ಬೇರೆ ಮಾದರಿಯ, ಬೇರೆ ಸಾಮರ್ಥ್ಯದ ಎಂಜಿನ್ ಆಸೆಯನ್ನು ಬಿಡುವುದೇ ಒಳ್ಳೆಯದು. ಅದೇ ಬಗೆಯ ಎಂಜಿನ್ ಆದರೂ ಆರ್‌ಟಿಓ ಒಪ್ಪಿಗೆ ಪಡೆದು ಹೊಸ ಎಂಜಿನ್ ಸಂಖ್ಯೆಯನ್ನು ಆರ್‌ಸಿಯಲ್ಲಿ ಬರೆಸಬೇಕು. ಗೇರ್‌ಬಾಕ್ಸಿನ ಬದಲಾವಣೆಯನ್ನೂ ಅದೇ ಅರ್ಜಿಯಲ್ಲಿ ತಿಳಿಸಿ, ಲಿಖಿತ ಉತ್ತರ ಬಂದ ಮೇಲಷ್ಟೇ ಕೆಲಸಕ್ಕೆ ಕೈಹಾಕಬೇಕು. "ಎಲ್ಲರೂ ಮಾಡಿಸ್ತಾರೆ" ಎಂಬ ಗ್ಯಾರೇಜಿನ ಭರವಸೆ ಕಚೇರಿಯಲ್ಲಿ ನಡೆಯದು.

ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿದಾಗ ನವೀಕರಣಕ್ಕೆ ಗಾಡಿಯನ್ನು ತಪಾಸಣೆಗೆ ಒಯ್ಯಬೇಕು. ಮುಚ್ಚಿಟ್ಟ ಬದಲಾವಣೆ ಅಲ್ಲಿ ಹೊರಬೀಳುತ್ತದೆ. ವಿಮಾ ಕಂಪೆನಿಗೂ ತಿಳಿಸಲೇಬೇಕು. ತಿಳಿಸದಿದ್ದರೆ ಅಪಘಾತವಾದಾಗ ಕಾರಿನ ಹಾನಿಯ ಪರಿಹಾರವನ್ನು ನಿರಾಕರಿಸಲು ಅವರಿಗೆ ಕಾರಣ ಸಿಕ್ಕಂತಾಗುತ್ತದೆ.

ಓಡಿಸುವವರು ಯಾರು?

ಕಾಗದ, ಕಬ್ಬಿಣ ಎರಡೂ ಸರಿಯಾದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಗೇರಿನ ಗಾಡಿಯ ಲಾಭಗಳು ನಿಜವಾದವು. ರಿಪೇರಿ ಸುಲಭ, ಯಾವ ಊರಿನಲ್ಲೂ ಕ್ಲಚ್ ಪ್ಲೇಟು ಹಾಕುವವರು ಸಿಗುತ್ತಾರೆ, ಘಾಟಿ ಇಳಿಯುವಾಗ ಎರಡನೇ ಗೇರಿನಲ್ಲಿ ಎಂಜಿನ್ನೇ ಗಾಡಿಯನ್ನು ಹಿಡಿಯುವುದರಿಂದ ಬ್ರೇಕು ಕಾಯುವುದಿಲ್ಲ. ಆದರೆ ಸಯಾನ್ ಅಥವಾ ಘೋಡ್‌ಬಂದರ್ ರಸ್ತೆಯ ದಟ್ಟಣೆಯಲ್ಲಿ ಒಂದು ಗಂಟೆ ಕ್ಲಚ್ ಒತ್ತುವುದು ಎಡಗಾಲು.

ನಮ್ಮಲ್ಲಿ ಕಾರಿನ ಲೈಸೆನ್ಸು ಗೇರಿಗೊಂದು, ಆಟೊಮ್ಯಾಟಿಕ್‌ಗೊಂದು ಎಂದು ಬೇರೆಯಿಲ್ಲ. ಆದ್ದರಿಂದ ಆಟೊಮ್ಯಾಟಿಕ್ ಒಂದನ್ನೇ ಓಡಿಸಿ ಅಭ್ಯಾಸವಾದ ಸೊಸೆ ಅಥವಾ ಮಗನನ್ನು ಕಾನೂನು ತಡೆಯುವುದಿಲ್ಲ, ಆದರೆ ಏರಿನಲ್ಲಿ ಗಾಡಿ ಹಿಂದಕ್ಕೆ ಜಾರಿದಾಗ ಅವರ ಕೈಕಾಲು ತಡವರಿಸುತ್ತದೆ. ಪಾರ್ಕ್‌ಗೆ ಹಾಕಿ ಇಳಿದು ಹೋಗುವ ರೂಢಿಯವರು ಇಳಿಜಾರಿನಲ್ಲಿ ನ್ಯೂಟ್ರಲ್‌ನಲ್ಲೇ ಬಿಟ್ಟು ಹೋಗುವ ಅಪಾಯವೂ ಇದೆ. ಗೇರಿನ ಗಾಡಿಗೆ ಪಾರ್ಕ್ ಎಂಬ ಬೀಗವಿಲ್ಲ. ಹ್ಯಾಂಡ್ ಬ್ರೇಕ್ ಎಳೆದು ಗೇರಿನಲ್ಲಿ ನಿಲ್ಲಿಸುವುದನ್ನು ಮನೆಯವರೆಲ್ಲ ಕಲಿಯಬೇಕು. ಅಂಗವೈಕಲ್ಯದ ಕಾರಣ ಮಾರ್ಪಡಿಸಿದ ವಾಹನಕ್ಕೆ ಮಾತ್ರ ಲೈಸೆನ್ಸು ಪಡೆದವರಂತೂ ಗೇರಿನ ಗಾಡಿಯನ್ನು ಮುಟ್ಟುವಂತಿಲ್ಲ.

ಡೊಂಬಿವಲಿಯ ಆ ಗೃಹಸ್ಥರ ವಿಷಯಕ್ಕೆ ಮರಳಿದರೆ ಉತ್ತರ ಸ್ಪಷ್ಟ. ಮೊಣಕಾಲಿಗಾಗಿ ಕೊಂಡ ಕಾರಿಗೆ ಕ್ಲಚ್ ಹಾಕಿಸಿದರೆ ಕಾರು ಮನೆಯಲ್ಲಿ ಉಳಿದೀತು, ಓಡಿಸುವ ಸ್ವಾತಂತ್ರ್ಯ ಹೋದೀತು. ಅವರಿಗೆ ಅದೇ ಬಗೆಯ ಆಟೊಮ್ಯಾಟಿಕ್ ಗೇರ್‌ಬಾಕ್ಸನ್ನು ರಿಪೇರಿ ಮಾಡಿಸುವುದು ಅಥವಾ ಇದ್ದ ಸ್ಥಿತಿಯಲ್ಲೇ ಕಾರನ್ನು ಮಾರಿ ಇನ್ನೊಂದು ಕೊಳ್ಳುವುದು ಲೇಸು. ಕಾಲು ಗಟ್ಟಿಯಿರುವ, ಗೇರಿನ ಅಭ್ಯಾಸವಿರುವ, ಆರ್‌ಟಿಓ ಒಪ್ಪಿಗೆ ಸಿಕ್ಕವರಿಗೆ ಬದಲಾವಣೆಯ ವಿಚಾರ ಬೇರೆ.

ಹಾಗಾಗಿ ಎಂಜಿನ್ ಇಳಿಸಲು ಹೂಂ ಎನ್ನುವ ಮೊದಲೇ ಮೂರು ಕೆಲಸ ಮುಗಿದಿರಬೇಕು: ಸಾಮಾನು ಮತ್ತು ಕೂಲಿಯ ಬಿಡಿ ಬಿಡಿ ಅಂದಾಜು ಪಟ್ಟಿ ಕೈಸೇರಬೇಕು, ಆರ್‌ಟಿಓ ಹಾಗೂ ವಿಮಾ ಕಂಪೆನಿಯ ಉತ್ತರ ಬರಬೇಕು, ಮನೆಯಲ್ಲಿ ಕಾರು ಓಡಿಸುವ ಪ್ರತಿಯೊಬ್ಬರ ಅಭಿಪ್ರಾಯ ಕೇಳಬೇಕು. ಎಂಜಿನ್ ಒಮ್ಮೆ ಕೆಳಗಿಳಿದ ಮೇಲೆ ಚೌಕಾಶಿಯ ಶಕ್ತಿ ಗ್ಯಾರೇಜಿನ ಕೈಗೆ ಹೋಗುತ್ತದೆ. ನಗರದ ಕನ್ನಡ ಸಂಘಗಳಲ್ಲಿ ಆರೋಗ್ಯ, ಶಿಕ್ಷಣ, ಹೂಡಿಕೆಯ ಬಗ್ಗೆ ಮಾಹಿತಿ ಶಿಬಿರಗಳು ನಡೆಯುತ್ತಲೇ ಇರುತ್ತವೆ. ವಾಹನದ ಕಾಗದಪತ್ರ ಮತ್ತು ವಿಮೆ ಬಲ್ಲ ಸದಸ್ಯರನ್ನು ಕರೆದು ರಜೆಗೆ ಮುನ್ನ ಒಂದು ಭಾನುವಾರ ಇದಕ್ಕೂ ಮೀಸಲಿಟ್ಟರೆ, ಊರಿಗೆ ಹೊರಡುವ ಹಲವು ಸಂಸಾರಗಳಿಗೆ ಉಪಕಾರವಾದೀತು.