ಗೋ–ಕಾರ್ಟ್: ಹುಲ್ಲಿನ ಯಂತ್ರದಿಂದ ಹುಟ್ಟಿದ ಓಟ

ಗ್ಯಾರೇಜಿನವರು ಬಿಸಾಕಿದ ಮೂರು ಬೇರಿಂಗ್, ಒಂದು ಹಲಗೆ, ನಾಲ್ಕಾರು ಮೊಳೆ. ಇಷ್ಟು ಸಿಕ್ಕರೆ ಹುಡುಗರ ಗಾಡಿ ಸಿದ್ಧ. ಒಬ್ಬ ಕುಳಿತರೆ ಇನ್ನೊಬ್ಬ ಹಿಂದಿನಿಂದ ನೂಕುತ್ತಾನೆ. ಇಳಿಜಾರಿನಲ್ಲಿ ಗಾಡಿ ಕರಕರ ಸದ್ದು ಮಾಡುತ್ತ ಓಡುತ್ತದೆ. ಕಾಗಿಣಾ ದಂಡೆಯ ದಂಡೋತಿಯಿರಲಿ, ವಾಡಿ, ಶಹಾಬಾದಿನ ಓಣಿಗಳಿರಲಿ, ಈ ಆಟ ಗೊತ್ತಿಲ್ಲದವರು ವಿರಳ. ಇದೇ ಗಾಡಿಗೆ ಒಂದು ಪುಟ್ಟ ಎಂಜಿನ್ ಜೋಡಿಸಿದರೆ ಏನಾಗುತ್ತದೆ? ಜಗತ್ತಿನ ಹೆಸರಾಂತ ಕಾರು ಓಟಗಾರರನ್ನು ಬೆಳೆಸಿದ ‘ಗೋ–ಕಾರ್ಟ್’ ಆಗುತ್ತದೆ.

ಈ ಜೋಡಣೆಯನ್ನು ಮೊದಲು ಮಾಡಿದ ಕೀರ್ತಿ ಅಮೆರಿಕದ ಆರ್ಟ್ ಇಂಗಲ್ಸ್ ಅವರದು. ಕ್ಯಾಲಿಫೋರ್ನಿಯಾದ ಗ್ಲೆಂಡೇಲಿನಲ್ಲಿ ಓಟದ ಕಾರುಗಳನ್ನು ತಯಾರಿಸುತ್ತಿದ್ದ ಕರ್ಟಿಸ್ ಕ್ರಾಫ್ಟ್ ಸಂಸ್ಥೆಯಲ್ಲಿ ಅವರು ಕೆಲಸಕ್ಕಿದ್ದರು. 1956ರಲ್ಲಿ ಗೆಳೆಯ ಲೂ ಬೊರೆಲ್ಲಿ ಅವರ ನೆರವಿನಿಂದ ಕಬ್ಬಿಣದ ಕೊಳವೆಗಳನ್ನು ಬೆಸೆದು ಚೌಕಟ್ಟು ಮಾಡಿದರು. ಅದಕ್ಕೆ ನಾಲ್ಕು ಪುಟ್ಟ ಚಕ್ರ ಸಿಕ್ಕಿಸಿ, ಹಿಂದುಗಡೆ ಹುಲ್ಲು ಕತ್ತರಿಸುವ ಯಂತ್ರದ ಎರಡೂವರೆ ಅಶ್ವಶಕ್ತಿಯ ಎಂಜಿನ್ ಕೂರಿಸಿದರು. ಓಟದ ಕಾರು ಕಟ್ಟುವವನು ಬಿಡುವಿನಲ್ಲಿ ಮಾಡಿಕೊಂಡ ಆಟಿಕೆ ಅದು.

ಪೊಲೀಸರು ಬಂದರು

ಆ ಆಟಿಕೆ ಕಂಡವರಿಗೆಲ್ಲ ತಮಗೂ ಒಂದು ಬೇಕೆನಿಸಿತು. ಅಂಥವರಲ್ಲಿ ಡಫಿ ಲಿವಿಂಗ್‌ಸ್ಟೋನ್ ಒಬ್ಬರು. ವಾಹನಗಳ ಸೈಲೆನ್ಸರ್ ಅಂಗಡಿ ಇಟ್ಟುಕೊಂಡಿದ್ದ ಅವರು ತಾವೇ ಗಾಡಿ ಕಟ್ಟಿದರು. ಪಸಾಡೆನಾ ನಗರದ ರೋಸ್ ಬೌಲ್ ಕ್ರೀಡಾಂಗಣದ ವಾಹನ ನಿಲುಗಡೆ ಜಾಗ ಈ ಉತ್ಸಾಹಿಗಳ ಮೊದಲ ಅಖಾಡ. ಸದ್ದಿಗೆ ಬೇಸತ್ತ ಸುತ್ತಲಿನವರು ದೂರು ಕೊಟ್ಟರು, ಪೊಲೀಸರು ಬಂದು ಓಡಿಸಿದರು. ಆದರೆ ಅಷ್ಟರಲ್ಲಿ ಹುಚ್ಚು ಹಬ್ಬಿತ್ತು. ಲಿವಿಂಗ್‌ಸ್ಟೋನ್ ಮತ್ತು ಸಂಗಡಿಗರು ಬಿಡಿಭಾಗಗಳ ಪೆಟ್ಟಿಗೆಯನ್ನೇ ಮಾರಾಟಕ್ಕಿಟ್ಟರು. ಕೊಂಡವರು ಮನೆಯಲ್ಲಿ ಜೋಡಿಸಿಕೊಳ್ಳಬಹುದಿತ್ತು. ‘ಗೋ ಕಾರ್ಟ್’ ಎಂಬ ಹೆಸರನ್ನು ಸೂಚಿಸಿದವರು ಪತ್ರಕರ್ತ ಲಿನ್ ವೈನ್‌ಲ್ಯಾಂಡ್.

1959ರಲ್ಲಿ ಮರ ಕೊಯ್ಯುವ ಗರಗಸದ ಎಂಜಿನ್ ತಯಾರಿಸುತ್ತಿದ್ದ ಮೆಕುಲಕ್ ಕಂಪೆನಿ, ಕಾರ್ಟಿಗೆಂದೇ ರೂಪಿಸಿದ ಮೊದಲ ಎಂಜಿನ್ನನ್ನು ಮಾರುಕಟ್ಟೆಗೆ ತಂದಿತು. ಬ್ರಿಟನ್ನಿನ ನೆಲೆಗಳಲ್ಲಿದ್ದ ಅಮೆರಿಕದ ವಾಯುಪಡೆಯವರ ಮೂಲಕ ಆಟ ಅಟ್ಲಾಂಟಿಕ್ ದಾಟಿತು. 1962ರಲ್ಲಿ ಅಂತರರಾಷ್ಟ್ರೀಯ ಕಾರ್ಟಿಂಗ್ ಆಯೋಗ ಸ್ಥಾಪನೆಯಾಯಿತು. 1964ರಲ್ಲಿ ರೋಮ್‌ನಲ್ಲಿ ನಡೆದ ಮೊದಲ ವಿಶ್ವ ಚಾಂಪಿಯನ್‌ಷಿಪ್ ಇಟಲಿಯ ಗೈಡೊ ಸಾಲಾ ಪಾಲಾಯಿತು. ಎರಡೇ ವರ್ಷದಲ್ಲಿ, 1966ರಲ್ಲಿ, ಆ ಕಿರೀಟ ಧರಿಸಿದ್ದು ಇಟಲಿಯದೇ ಯುವತಿ ಸೂಸಿ ರಗನೆಲ್ಲಿ. ಮೋಟಾರು ಓಟವೆಂದರೆ ಗಂಡಸರ ಸ್ವತ್ತು ಎಂದು ತಿಳಿದಿದ್ದ ಕಾಲದಲ್ಲಿ ಅದು ಸಣ್ಣ ಸಂಗತಿಯಲ್ಲ.

ಚಕ್ರ ಏಳುವ ಗುಟ್ಟು

ಇಷ್ಟು ಸರಳವಾದ ಗಾಡಿ ಮುಂದೆ ಓಟಗಾರರ ಪಾಠಶಾಲೆಯಾದದ್ದು ಹೇಗೆ? ಉತ್ತರ ಅದರಲ್ಲಿ ಏನೇನು ಇಲ್ಲ ಎಂಬುದರಲ್ಲಿದೆ. ಕಾರ್ಟಿಗೆ ಸ್ಪ್ರಿಂಗ್ ಇಲ್ಲ, ಶಾಕ್ ಅಬ್ಸಾರ್ಬರ್ ಇಲ್ಲ. ಬಾಗುವ ಚೌಕಟ್ಟೇ ಆ ಕೆಲಸ ಮಾಡಬೇಕು. ಕಾರಿನಲ್ಲಿ ತಿರುವು ಬಂದಾಗ ಒಳಬದಿಯ ಚಕ್ರ ನಿಧಾನಕ್ಕೂ ಹೊರಬದಿಯದು ವೇಗವಾಗಿಯೂ ತಿರುಗುವಂತೆ ಮಾಡುವ ಡಿಫರೆನ್ಷಿಯಲ್ ಇರುತ್ತದೆ. ಕಾರ್ಟಿನಲ್ಲಿ ಅದೂ ಇಲ್ಲ. ಹಿಂದಿನ ಎರಡೂ ಚಕ್ರ ಒಂದೇ ಅಚ್ಚಿಗೆ ಬಿಗಿದಿರುತ್ತವೆ. ಆದ್ದರಿಂದ ಸ್ಟಿಯರಿಂಗ್ ತಿರುಗಿಸಿದಾಗ ಹಿಂದಿನ ಒಳಚಕ್ರ ಕೂದಲೆಳೆಯಷ್ಟಾದರೂ ನೆಲ ಬಿಟ್ಟು ಏಳಬೇಕು. ಏಳದಿದ್ದರೆ ಗಾಡಿ ತಿರುಗಲು ಒಲ್ಲೆನೆನ್ನುತ್ತದೆ, ಅತಿಯಾಗಿ ಎದ್ದರೆ ಹಿಡಿತ ತಪ್ಪುತ್ತದೆ. ಈ ಹದ ಚಾಲಕನ ಕೈಗೆ ಬರಬೇಕು. ನೆಲದಿಂದ ಒಂದೆರಡು ಅಂಗುಲ ಮೇಲೆ ಕುಳಿತವನಿಗೆ ರಸ್ತೆಯ ಪ್ರತಿಯೊಂದು ಕಂಪನವೂ ಬೆನ್ನಿಗೆ ತಾಗುತ್ತದೆ. ಇಲ್ಲಿ ಕಲಿತದ್ದು ದೊಡ್ಡ ಕಾರಿನಲ್ಲಿ ಮರೆಯುವುದಿಲ್ಲ.

ಬ್ರೆಜಿಲಿನ ಆಯಿರ್ಟನ್ ಸೆನ್ನಾ ನಾಲ್ಕನೇ ವಯಸ್ಸಿನಲ್ಲಿ ಹತ್ತಿದ್ದು, ಹುಲ್ಲು ಕತ್ತರಿಸುವ ಯಂತ್ರದ ಎಂಜಿನ್ ಕೂರಿಸಿ ತಂದೆ ಮಾಡಿಕೊಟ್ಟ ಕಾರ್ಟನ್ನು. ಮೂರು ಬಾರಿ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್ ಆದ ಸೆನ್ನಾಗೆ ಕಾರ್ಟಿಂಗ್ ವಿಶ್ವ ಪಟ್ಟ ಮಾತ್ರ ದಕ್ಕಲಿಲ್ಲ. 1979 ಮತ್ತು 1980ರಲ್ಲಿ ಅವರು ಎರಡನೇ ಸ್ಥಾನಕ್ಕೆ ತೃಪ್ತಿಪಡಬೇಕಾಯಿತು. ಜರ್ಮನಿಯ ಮೈಕೆಲ್ ಶುಮಾಕರ್ ಅವರ ತಂದೆ ಗಾರೆ ಕೆಲಸದವರು. ಮಗನ ಪೆಡಲ್ ಗಾಡಿಗೆ ಮೊಪೆಡ್ ಎಂಜಿನ್ ಜೋಡಿಸಿದರು. ಇತರರು ಎಸೆದ ಬಿಡಿಭಾಗಗಳಿಂದ ಆತನ ಕಾರ್ಟ್ ಸಿದ್ಧವಾಗುತ್ತಿತ್ತು. ಆ ಹುಡುಗ ಮುಂದೆ ಏಳು ಸಲ ವಿಶ್ವ ಚಾಂಪಿಯನ್ ಆದ.

ಕರ್ನಾಟಕದ ಹಾದಿ

ಕರ್ನಾಟಕದಲ್ಲಿ ಕಾರ್ಟಿಂಗ್ ಬೇರೂರಿದ್ದು ಬೆಂಗಳೂರಿನಲ್ಲಿ. ನಗರದ ಮೆಕೊ ಕಾರ್ಟೋಪಿಯಾ ಟ್ರ್ಯಾಕಿನಲ್ಲಿ ರಾಷ್ಟ್ರೀಯ ಸ್ಪರ್ಧೆಯ ಸುತ್ತುಗಳು ನಡೆದಿವೆ. ಬೆಂಗಳೂರಿನ ಅರ್ಜುನ್ ಮೈನಿ 2011ರಲ್ಲಿ ಫೋರ್ಸ್ ಇಂಡಿಯಾ ತಂಡ ನಡೆಸಿದ ಪ್ರತಿಭಾ ಶೋಧದಲ್ಲಿ ಆಯ್ಕೆಯಾದ ಮೂವರಲ್ಲಿ ಒಬ್ಬರು. ಅವರ ತಮ್ಮ ಕುಶ್ ಮೈನಿ 2025ರಲ್ಲಿ ಮೊನಾಕೊದಲ್ಲಿ ಫಾರ್ಮುಲಾ 2 ಸ್ಪ್ರಿಂಟ್ ಓಟ ಗೆದ್ದರು. ಇಬ್ಬರೂ ಮೊದಲು ಕುಳಿತದ್ದು ಕಾರ್ಟಿನಲ್ಲಿಯೇ.

ಆದರೆ ಮೈನಿ ಸಹೋದರರು ಕೈಗಾರಿಕೋದ್ಯಮಿ ಕುಟುಂಬದವರು. ಇಂದು ಗಂಭೀರವಾಗಿ ಕಾರ್ಟಿಂಗ್ ಮಾಡಬೇಕೆಂದರೆ ಎಂಜಿನ್, ಟಯರ್, ತರಬೇತಿ, ಪ್ರಯಾಣ ಎಲ್ಲ ಸೇರಿ ಒಂದೇ ಹಂಗಾಮಿಗೆ ಹಲವು ಲಕ್ಷ ರೂಪಾಯಿ ಬೇಕು. ಸೈಲೆನ್ಸರ್ ಅಂಗಡಿಯವನೂ ಗಾರೆ ಕೆಲಸದವನೂ ಕೈಹಾಕಬಹುದಾಗಿದ್ದ ಆಟ ಈಗ ಹಣವಂತರ ಮಕ್ಕಳ ಏಣಿಯಾಗಿದೆ. ಸೇಡಂ, ಚಿತ್ತಾಪುರದ ಹುಡುಗನಿಗೆ ಕಾರ್ಟ್ ಮುಟ್ಟುವ ಆಸೆಯಾದರೆ ಹೈದರಾಬಾದಿಗೋ ಬೆಂಗಳೂರಿಗೋ ಹೋಗಿ, ಹತ್ತಾರು ನಿಮಿಷಕ್ಕೆ ಹಣ ತೆತ್ತು ಬರಬೇಕು.

ಆ ಹತ್ತು ನಿಮಿಷವೂ ಹುಡುಗಾಟವಲ್ಲ. ಆರಂಭದ ದಿನಗಳಲ್ಲಿ ಹೆಲ್ಮೆಟ್ ಹಾಕದೆಯೂ ಓಡಿಸುತ್ತಿದ್ದರು. ಈಗ ನಿಯಮಗಳಿವೆ, ಆದರೂ ತೆರೆದ ಅಚ್ಚು ಮತ್ತು ಸರಪಳಿ ಇಂದಿಗೂ ಅಪಾಯವೇ. 2020ರಲ್ಲಿ ಹೈದರಾಬಾದ್ ಹೊರವಲಯದ ಟ್ರ್ಯಾಕೊಂದರಲ್ಲಿ ಕೂದಲು ಚಕ್ರಕ್ಕೆ ಸಿಕ್ಕಿ ಯುವತಿಯೊಬ್ಬಳು ಪ್ರಾಣ ಕಳೆದುಕೊಂಡಳು. ಉದ್ದ ಕೂದಲನ್ನು ಗಂಟು ಹಾಕಿ ಹೆಲ್ಮೆಟ್ಟಿನೊಳಗೆ ಸೇರಿಸುವುದು, ದುಪಟ್ಟಾ ತೆಗೆದಿಡುವುದು ಯಾರೂ ಮರೆಯಬಾರದ ಮಾತು.

ವಾಡಿ, ಶಹಾಬಾದಿನ ಕಡೆ ವೆಲ್ಡಿಂಗ್ ಅಂಗಡಿಗಳಿಗೆ, ಲೇತ್ ಬಲ್ಲವರಿಗೆ, ಹಳೆಯ ಮೊಪೆಡ್ ಎಂಜಿನ್ನುಗಳಿಗೆ ಬರವಿಲ್ಲ. 1956ರಲ್ಲಿ ಇಂಗಲ್ಸ್ ಬಳಿ ಇದ್ದದ್ದೂ ಹೆಚ್ಚುಕಡಿಮೆ ಇಷ್ಟೇ. ಇಲ್ಲಿ ಇಲ್ಲದಿರುವುದು ಬೇಲಿ ಹಾಕಿದ ಒಂದು ಡಾಂಬರು ಮೈದಾನ, ಹತ್ತು ಹೆಲ್ಮೆಟ್, ಕಲಿಸುವ ಒಬ್ಬ ಗುರು. ಅಲ್ಲಿಯವರೆಗೆ ದಂಡೋತಿಯ ಹುಡುಗರ ಓಟಕ್ಕೆ ಮೂರು ಬೇರಿಂಗ್ ಮತ್ತು ಒಂದು ಇಳಿಜಾರೇ ಗತಿ.