ಪೀರ್-ಟು-ಪೀರ್ ಡೌನ್‌ಲೋಡ್‌ನಿಂದ ಉಂಟಾಗುವ ಅಂತರಜಾಲ ಅಡಚಣೆ

ಪೀರ್-ಟು-ಪೀರ್ ಡೌನ್‌ಲೋಡ್‌ನಿಂದ ಉಂಟಾಗುವ ಅಂತರಜಾಲ ಅಡಚಣೆ ಎಂದರೆ ಬಿಟ್‌ಟೊರೆಂಟ್‌ನಂತಹ ತಂತ್ರಾಂಶದ ಮೂಲಕ ಕಡತಗಳನ್ನು ಪಡೆಯುತ್ತಿರುವಾಗ ಮನೆಯ ಅಂತರಜಾಲ ಸಂಪರ್ಕವು ವಿಪರೀತ ನಿಧಾನವಾಗುವುದು ಅಥವಾ ಪದೇ ಪದೇ ನಿಂತುಹೋಗುವುದು. ಒಂದು ಮನೆಯ ಎಲ್ಲ ಸಾಧನಗಳೂ ಒಂದೇ ಸಂಪರ್ಕವನ್ನು ಹಂಚಿಕೊಳ್ಳುವುದರಿಂದ ಒಂದು ಗಣಕಯಂತ್ರದಲ್ಲಿ ನಡೆಯುವ ಡೌನ್‌ಲೋಡ್ ಇತರರ ಆನ್‌ಲೈನ್ ತರಗತಿ, ವಿಡಿಯೋ ಕರೆ ಹಾಗೂ ಹಣ ಪಾವತಿಗಳಿಗೂ ತೊಡಕಾಗುತ್ತದೆ. ಇಂತಹ ಸಂದರ್ಭಗಳಲ್ಲಿ ಅನೇಕ ವೇಳೆ ತಂತಿಮಾರ್ಗವಾಗಲಿ ರೌಟರ್ ಆಗಲಿ ಕೆಟ್ಟಿರುವುದಿಲ್ಲ. ಕಾರಣವನ್ನು ಸರಿಯಾಗಿ ಗುರುತಿಸಿದರೆ ಅನಗತ್ಯವಾಗಿ ಹೊಸ ಉಪಕರಣ ಕೊಳ್ಳುವುದನ್ನು ತಪ್ಪಿಸಬಹುದು.

ಹಿನ್ನೆಲೆ

ಸಾಮಾನ್ಯ ಡೌನ್‌ಲೋಡ್‌ನಲ್ಲಿ ಬಳಕೆದಾರರ ಗಣಕಯಂತ್ರವು ಒಂದು ಸರ್ವರ್‌ನಿಂದ ಕಡತವನ್ನು ಪಡೆಯುತ್ತದೆ. ಪೀರ್-ಟು-ಪೀರ್ ವ್ಯವಸ್ಥೆಯಲ್ಲಿ ಕಡತವು ಸಣ್ಣ ತುಣುಕುಗಳಾಗಿ ವಿಭಜನೆಗೊಂಡು ಅನೇಕ ಬಳಕೆದಾರರ ನಡುವೆ ವಿನಿಮಯವಾಗುತ್ತದೆ. ಪಡೆಯುವವರು ತಮ್ಮಲ್ಲಿರುವ ತುಣುಕುಗಳನ್ನು ಅದೇ ಸಮಯದಲ್ಲಿ ಇತರರಿಗೆ ಕಳುಹಿಸುತ್ತಲೂ ಇರುತ್ತಾರೆ. ಈ ಬಗೆಯ ವ್ಯವಸ್ಥೆಗಳಲ್ಲಿ ಹೆಚ್ಚು ಪ್ರಸಿದ್ಧವಾದ ಬಿಟ್‌ಟೊರೆಂಟ್ ಅನ್ನು ಅಮೆರಿಕದ ಬ್ರಾಮ್ ಕೋಹೆನ್ 2001ರಲ್ಲಿ ರೂಪಿಸಿದರು. ಲಿನಕ್ಸ್‌ನ ಹಲವು ಆವೃತ್ತಿಗಳು ಇಂದಿಗೂ ಈ ಮಾರ್ಗದಲ್ಲಿ ಅಧಿಕೃತವಾಗಿ ವಿತರಣೆಯಾಗುತ್ತವೆ.

ಕಾರಣಗಳು

ಅಪ್‌ಲೋಡ್ ಮಾರ್ಗದ ದಟ್ಟಣೆ

ಎಡಿಎಸ್‌ಎಲ್ ಮತ್ತು ಕೇಬಲ್ ಸಂಪರ್ಕಗಳಲ್ಲಿ ಅಪ್‌ಲೋಡ್ ವೇಗವು ಡೌನ್‌ಲೋಡ್ ವೇಗಕ್ಕಿಂತ ಬಹಳ ಕಡಿಮೆ ಇರುತ್ತದೆ. ಪೀರ್-ಟು-ಪೀರ್ ತಂತ್ರಾಂಶಕ್ಕೆ ಮಿತಿ ವಿಧಿಸದಿದ್ದರೆ ಅದು ಈ ಕಿರಿದಾದ ಮಾರ್ಗವನ್ನು ಪೂರ್ಣವಾಗಿ ತುಂಬುತ್ತದೆ. ಟಿಸಿಪಿ ನಿಯಮದ ಪ್ರಕಾರ, ಬಂದ ದತ್ತಾಂಶಕ್ಕೆ ಸ್ವೀಕೃತಿಯ ಪ್ಯಾಕೆಟ್‌ಗಳು ಹಿಂದಿರುಗಬೇಕು. ಅವು ಅಪ್‌ಲೋಡ್ ಸರದಿಯಲ್ಲಿ ಸಿಲುಕಿದಾಗ ಕಳುಹಿಸುವ ಸರ್ವರ್ ತನ್ನ ವೇಗವನ್ನು ತಗ್ಗಿಸುತ್ತದೆ. ಹೀಗಾಗಿ ಡೌನ್‌ಲೋಡ್ ಮಾರ್ಗದಲ್ಲಿ ಸ್ಥಳವಿದ್ದರೂ ಪುಟಗಳು ತೆರೆದುಕೊಳ್ಳುವುದಿಲ್ಲ.

ಮೋಡೆಮ್ ಮತ್ತು ರೌಟರ್‌ಗಳಲ್ಲಿರುವ ದೊಡ್ಡ ಬಫರ್‌ಗಳು ಈ ತೊಂದರೆಯನ್ನು ಹೆಚ್ಚಿಸುತ್ತವೆ. ಉದಾಹರಣೆಗೆ, ಸೆಕೆಂಡಿಗೆ 1 ಮೆಗಾಬಿಟ್ ಅಪ್‌ಲೋಡ್ ಇರುವ ಸಂಪರ್ಕದಲ್ಲಿ 256 ಕಿಲೋಬೈಟ್‌ಗಳ ಬಫರ್ ತುಂಬಿದರೆ ಅದು ಖಾಲಿಯಾಗಲು 2 ಸೆಕೆಂಡಿಗೂ ಹೆಚ್ಚು ಸಮಯ ಬೇಕು. ಅದರ ಹಿಂದೆ ನಿಂತ ಪ್ರತಿ ಪ್ಯಾಕೆಟ್ ಅಷ್ಟು ಹೊತ್ತು ಕಾಯುತ್ತದೆ. ಜಾಲತಾಣದ ಹೆಸರನ್ನು ವಿಳಾಸವಾಗಿ ಪರಿವರ್ತಿಸುವ ಡಿಎನ್‌ಎಸ್ ಕೋರಿಕೆಗಳೂ ತಡವಾಗುವುದರಿಂದ ಬ್ರೌಸರ್ ಜಾಲತಾಣ ಸಿಗುತ್ತಿಲ್ಲವೆಂದು ತಿಳಿಸುತ್ತದೆ. ಬಳಕೆದಾರರಿಗೆ ಇದು ಸಂಪರ್ಕ ಕಡಿತದಂತೆಯೇ ತೋರುತ್ತದೆ. ಅಮೆರಿಕದ ತಂತ್ರಜ್ಞ ಜಿಮ್ ಗೆಟ್ಟಿಸ್ 2010ರಲ್ಲಿ ತಮ್ಮ ಮನೆಯ ಸಂಪರ್ಕವನ್ನು ಪರಿಶೀಲಿಸಿ ಈ ವಿದ್ಯಮಾನವನ್ನು ‘ಬಫರ್‌ಬ್ಲೋಟ್’ ಎಂದು ಕರೆದರು.

ರೌಟರ್‌ನ ಸಂಪರ್ಕ ಕೋಷ್ಟಕ ತುಂಬುವುದು

ಮನೆಯ ಹಲವು ಸಾಧನಗಳು ಒಂದೇ ಐಪಿ ವಿಳಾಸವನ್ನು ಹಂಚಿಕೊಳ್ಳಲು ರೌಟರ್ ‘ನ್ಯಾಟ್’ ಎಂಬ ವಿಧಾನವನ್ನು ಬಳಸುತ್ತದೆ. ಯಾವ ಸಾಧನ ಯಾವ ಹೊರಗಿನ ವಿಳಾಸದೊಂದಿಗೆ ಸಂವಹಿಸುತ್ತಿದೆ ಎಂಬುದನ್ನು ಅದು ಒಂದು ಕೋಷ್ಟಕದಲ್ಲಿ ದಾಖಲಿಸುತ್ತದೆ. ಅಗ್ಗದ ರೌಟರ್‌ಗಳಲ್ಲಿ ಸ್ಮೃತಿಕೋಶ ಕಡಿಮೆ ಇರುವುದರಿಂದ ಈ ಕೋಷ್ಟಕದ ಗಾತ್ರವೂ ಸೀಮಿತವಾಗಿರುತ್ತದೆ. ಟೊರೆಂಟ್ ತಂತ್ರಾಂಶವು ನೂರಾರು ಸಹಭಾಗಿಗಳನ್ನು ಸಂಪರ್ಕಿಸುತ್ತದೆ. ಸಹಭಾಗಿಗಳನ್ನು ಹುಡುಕಲು ಬಳಸುವ ಡಿಎಚ್‌ಟಿ ವ್ಯವಸ್ಥೆಯು ಇನ್ನೂ ಹೆಚ್ಚಿನ ವಿಳಾಸಗಳಿಗೆ ಕಿರು ಸಂದೇಶಗಳನ್ನು ಕಳುಹಿಸುತ್ತದೆ. ಪ್ರತಿಯೊಂದೂ ಕೋಷ್ಟಕದಲ್ಲಿ ಒಂದು ಸ್ಥಾನವನ್ನು ಆಕ್ರಮಿಸುತ್ತದೆ. ಕೋಷ್ಟಕ ತುಂಬಿದ ಮೇಲೆ ಹೊಸ ಸಂಪರ್ಕಗಳಿಗೆ ಅವಕಾಶವಿರುವುದಿಲ್ಲ. ಕೆಲವು ರೌಟರ್‌ಗಳು ಸ್ತಬ್ಧವಾಗುತ್ತವೆ ಅಥವಾ ತಾವಾಗಿಯೇ ಮರುಚಾಲನೆಗೊಳ್ಳುತ್ತವೆ.

ಡೌನ್‌ಲೋಡ್ ನಿಲ್ಲಿಸಿದ ಕೂಡಲೇ ಹಳೆಯ ದಾಖಲೆಗಳು ಅಳಿಯುವುದಿಲ್ಲ. ಲಿನಕ್ಸ್ ಆಧಾರಿತ ವ್ಯವಸ್ಥೆಗಳಲ್ಲಿ ಸ್ಥಾಪಿತ ಟಿಸಿಪಿ ಸಂಪರ್ಕದ ದಾಖಲೆಗೆ ಪೂರ್ವನಿಗದಿತ ಅವಧಿ 5 ದಿನಗಳು. ಅನೇಕ ರೌಟರ್‌ಗಳಲ್ಲಿ ತಯಾರಕರು ಇದನ್ನು ಕಡಿಮೆ ಮಾಡಿರುತ್ತಾರೆ. ಮರುಚಾಲನೆಯಿಂದ ಕೋಷ್ಟಕವು ಖಾಲಿಯಾಗಿ ಸಂಪರ್ಕ ಸರಿಯಾಗುತ್ತದೆ. ಇದರಿಂದಲೇ ರೌಟರ್ ಕೆಟ್ಟಿದೆಯೆಂಬ ತಪ್ಪು ಅಭಿಪ್ರಾಯ ಮೂಡುತ್ತದೆ.

ಪತ್ತೆ ಹಚ್ಚುವ ವಿಧಾನ

ಮೊದಲಿಗೆ ಟೊರೆಂಟ್ ತಂತ್ರಾಂಶವನ್ನು ಪೂರ್ಣವಾಗಿ ಮುಚ್ಚಿ, ರೌಟರನ್ನು ಮರುಚಾಲನೆ ಮಾಡಿ, ಕೆಲವು ಗಂಟೆಗಳ ಕಾಲ ಸಂಪರ್ಕವನ್ನು ಗಮನಿಸಬೇಕು. ಕಿಟಕಿಯನ್ನು ಮುಚ್ಚಿದರೂ ಇಂತಹ ತಂತ್ರಾಂಶಗಳು ಹಿನ್ನೆಲೆಯಲ್ಲಿ ಚಾಲನೆಯಲ್ಲಿರಬಹುದು. ತೊಂದರೆ ಮರುಕಳಿಸದಿದ್ದರೆ ಡೌನ್‌ಲೋಡನ್ನು ಪುನಃ ಆರಂಭಿಸಿ, ‘ಪಿಂಗ್’ ಆದೇಶದಿಂದ ರೌಟರ್‌ನ ವಿಳಾಸವನ್ನೂ ಹೊರಗಿನ ಒಂದು ಸರ್ವರ್‌ನ ವಿಳಾಸವನ್ನೂ ಪರೀಕ್ಷಿಸಬಹುದು. ಅನೇಕ ರೌಟರ್‌ಗಳ ವಿಳಾಸ 192.168.1.1 ಆಗಿರುತ್ತದೆ. ಫಲಿತಾಂಶವನ್ನು ಹೀಗೆ ಅರ್ಥೈಸಬಹುದು:

• ರೌಟರ್ ತಕ್ಷಣ ಉತ್ತರಿಸಿ, ಹೊರಗಿನ ಉತ್ತರಕ್ಕೆ ನೂರಾರು ಮಿಲಿಸೆಕೆಂಡ್ ಅಥವಾ ಅದಕ್ಕೂ ಹೆಚ್ಚು ಸಮಯ ಹಿಡಿದರೆ ಅಪ್‌ಲೋಡ್ ದಟ್ಟಣೆಯನ್ನು ಶಂಕಿಸಬೇಕು.
• ಈಗಾಗಲೇ ನಡೆಯುತ್ತಿರುವ ಸಂಪರ್ಕಗಳು ಮುಂದುವರಿದು ಹೊಸ ಪುಟಗಳು ಮಾತ್ರ ತೆರೆಯದಿದ್ದರೆ ಕೋಷ್ಟಕ ತುಂಬಿರುವ ಸಾಧ್ಯತೆಯಿದೆ.
• ರೌಟರ್ ಕೂಡ ಉತ್ತರಿಸದಿದ್ದರೆ ಅದು ಸ್ತಬ್ಧವಾಗಿರಬಹುದು ಅಥವಾ ವೈ-ಫೈ ಸಂಕೇತ ದುರ್ಬಲವಾಗಿರಬಹುದು. ತಂತಿಯ ಮೂಲಕ ಜೋಡಿಸಿ ಪರೀಕ್ಷಿಸಿದರೆ ಇವೆರಡನ್ನು ಬೇರ್ಪಡಿಸಬಹುದು.
• ಮೋಡೆಮ್‌ನ ಸಂಪರ್ಕ ಸೂಚಕ ದೀಪವೇ ಆರಿದರೆ ಅಥವಾ ಡೌನ್‌ಲೋಡ್ ಇಲ್ಲದಿದ್ದಾಗಲೂ ಕಡಿತವಾದರೆ ದೋಷವು ಮಾರ್ಗದಲ್ಲಿರುವ ಸಂಭವ ಹೆಚ್ಚು. ಆಗ ಸೇವಾದಾರ ಸಂಸ್ಥೆಗೆ ದೂರು ನೀಡುವುದು ಸೂಕ್ತ.

ಪರಿಹಾರಗಳು

ಅಪ್‌ಲೋಡ್ ವೇಗಕ್ಕೆ ಮಿತಿ ವಿಧಿಸುವುದು ಅತ್ಯಂತ ಸರಳವಾದ ಪರಿಹಾರ. ಅಳೆದ ಅಪ್‌ಲೋಡ್ ವೇಗದ ಸುಮಾರು ಶೇಕಡಾ 80ಕ್ಕಿಂತ ಕೆಳಗೆ ಮಿತಿಯನ್ನು ಇಡುವುದು ರೂಢಿ. ಸೇವಾದಾರರು ವೇಗವನ್ನು ಮೆಗಾಬಿಟ್‌ಗಳಲ್ಲಿಯೂ ಟೊರೆಂಟ್ ತಂತ್ರಾಂಶಗಳು ಸಾಮಾನ್ಯವಾಗಿ ಕಿಲೋಬೈಟ್‌ಗಳಲ್ಲಿಯೂ ಸೂಚಿಸುತ್ತವೆ. 1 ಮೆಗಾಬಿಟ್ ಎಂದರೆ 125 ಕಿಲೋಬೈಟ್. ಆದ್ದರಿಂದ 1 ಮೆಗಾಬಿಟ್ ಅಪ್‌ಲೋಡ್‌ಗೆ ಸೆಕೆಂಡಿಗೆ 100 ಕಿಲೋಬೈಟ್ ಮಿತಿಯಾಗುತ್ತದೆ. ಸೊನ್ನೆ ಎಂದು ನಮೂದಿಸಿದರೆ ಅನೇಕ ತಂತ್ರಾಂಶಗಳು ಅದನ್ನು ಮಿತಿಯಿಲ್ಲವೆಂದು ಪರಿಗಣಿಸುತ್ತವೆ.

ಕೋಷ್ಟಕದ ಸಮಸ್ಯೆಗೆ ಒಟ್ಟು ಸಂಪರ್ಕಗಳ ಸಂಖ್ಯೆಯನ್ನು ಹಾಗೂ ಏಕಕಾಲದ ಡೌನ್‌ಲೋಡ್‌ಗಳನ್ನು ಕಡಿಮೆ ಮಾಡಬೇಕು. ಅಗತ್ಯವಿದ್ದರೆ ಡಿಎಚ್‌ಟಿಯನ್ನು ನಿಷ್ಕ್ರಿಯಗೊಳಿಸಬಹುದು. ದೊಡ್ಡ ಕಡತಗಳನ್ನು ರಾತ್ರಿ ವೇಳೆಗೆ ನಿಗದಿಪಡಿಸುವ ಸೌಲಭ್ಯವೂ ಹಲವು ತಂತ್ರಾಂಶಗಳಲ್ಲಿದೆ.

ರೌಟರ್‌ನ ಮಟ್ಟದಲ್ಲಿ ಸರದಿಯನ್ನು ನಿಯಂತ್ರಿಸುವ ಕ್ರಮಗಳೂ ಇವೆ. ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ 2012ರಲ್ಲಿ ‘ಕೋಡೆಲ್’ ಎಂಬ ಕ್ರಮವಿಧಿಯನ್ನು ಪ್ರಕಟಿಸಿದರು. ಪ್ಯಾಕೆಟ್‌ಗಳು ಸರದಿಯಲ್ಲಿ ಕಾಯುವ ಸಮಯವನ್ನು ಆಧರಿಸಿ ಅದು ದಟ್ಟಣೆಯನ್ನು ತಗ್ಗಿಸುತ್ತದೆ. ಇದರ ವಿಸ್ತೃತ ರೂಪವು ಓಪನ್‌ಡಬ್ಲ್ಯುಆರ್‌ಟಿಯಂತಹ ಮುಕ್ತ ರೌಟರ್ ತಂತ್ರಾಂಶಗಳಲ್ಲಿ ಲಭ್ಯವಿದೆ. ಬಿಟ್‌ಟೊರೆಂಟ್‌ನ ‘ಮೈಕ್ರೋಟಿಪಿ’ ಸಂವಹನ ನಿಯಮವೂ ವಿಳಂಬ ಹೆಚ್ಚಿದಂತೆ ತಾನಾಗಿ ವೇಗ ತಗ್ಗಿಸಿ ಇತರ ಬಳಕೆಗೆ ದಾರಿ ಬಿಡುವಂತೆ ರಚಿತವಾಗಿದೆ.

ಮಿತಿಗಳು

ಮೇಲಿನ ಕ್ರಮಗಳು ಮನೆಯೊಳಗಿನ ದಟ್ಟಣೆಯನ್ನು ಮಾತ್ರ ನಿವಾರಿಸುತ್ತವೆ. ಮಾಸಿಕ ದತ್ತಾಂಶದ ಮಿತಿ ಮುಗಿದ ಬಳಿಕ ಸೇವಾದಾರರು ವೇಗವನ್ನು ಇಳಿಸಿದ್ದರೆ ಇವುಗಳಿಂದ ಪ್ರಯೋಜನವಿಲ್ಲ. ಹಲವು ಯೋಜನೆಗಳಲ್ಲಿ ಅಪ್‌ಲೋಡ್ ಕೂಡ ಆ ಮಿತಿಗೆ ಸೇರುವುದರಿಂದ, ಡೌನ್‌ಲೋಡ್ ಮುಗಿದ ನಂತರವೂ ಹಂಚಿಕೆ ಮುಂದುವರಿಯುತ್ತಿದೆಯೇ ಎಂಬುದನ್ನು ಪರಿಶೀಲಿಸುವುದು ಅಗತ್ಯ.