ವೇಗದ ಬೌಲರ್ ಬೆನ್ನಿನ ಸಣ್ಣ ಬಿರುಕು

ಮಕ್ಕಳೇ, ಜಸ್‌ಪ್ರೀತ್ ಬುಮ್ರಾ ಬೌಲಿಂಗ್ ಎಂದರೆ ನಿಮಗೆಲ್ಲ ಇಷ್ಟ, ಅಲ್ಲವೇ? ಆದರೆ 2022ರಲ್ಲಿ ಆಸ್ಟ್ರೇಲಿಯಾದಲ್ಲಿ ಟಿ20 ವಿಶ್ವಕಪ್ ನಡೆದಾಗ ಅವರು ನಮ್ಮ ತಂಡದಲ್ಲಿರಲಿಲ್ಲ. ಬೆನ್ನಿನ ತೊಂದರೆಯಿಂದ ಹೊರಗುಳಿದಿದ್ದರು. 2019ರಲ್ಲೂ ಅವರ ಬೆನ್ನಿನ ಕೆಳಭಾಗದ ಮೂಳೆಯಲ್ಲಿ ಸಣ್ಣ ಬಿರುಕು ಕಾಣಿಸಿಕೊಂಡಿತ್ತು. ನಮ್ಮ ಕರ್ನಾಟಕದ ಪ್ರಸಿದ್ಧ ಕೃಷ್ಣ ಅವರಿಗೂ ಇದೇ ತೊಂದರೆಗೆ 2023ರಲ್ಲಿ ಶಸ್ತ್ರಚಿಕಿತ್ಸೆ ಆಯಿತು. ಇಬ್ಬರೂ ಗುಣವಾಗಿ ಮತ್ತೆ ಭಾರತಕ್ಕೆ ಆಡಿದರು.

ಇದು ದೊಡ್ಡ ಆಟಗಾರರಿಗೆ ಮಾತ್ರ ಬರುವ ತೊಂದರೆ ಎಂದುಕೊಳ್ಳಬೇಡಿ. ನಾನು ಮೂಳೆ ವೈದ್ಯ. ಬೇಸಿಗೆ ಶಿಬಿರಗಳು ಮುಗಿದು ಶಾಲೆ ಶುರುವಾಗುವ ಹೊತ್ತಿಗೆ, ಸೊಂಟದ ಮೇಲೆ ಕೈಯಿಟ್ಟುಕೊಂಡು ಬರುವ ಹದಿಮೂರು ಹದಿನಾಲ್ಕರ ಹುಡುಗರು ನನ್ನ ಬಳಿ ಹೆಚ್ಚುತ್ತಾರೆ. ಅಪ್ಪ ಅಮ್ಮ ಕೆಲಸಕ್ಕೆ ಹೋಗಿರುವುದರಿಂದ ಜೊತೆಗೆ ಬರುವವರು ಬಹಳಷ್ಟು ಸಲ ತಾತ ಅಥವಾ ಅಜ್ಜಿ. ಆದ್ದರಿಂದ ಈ ಲೇಖನ ಇಬ್ಬರಿಗೂ.

ಬೀಳದೆಯೂ ಬಿರುಕು ಬಿಡುವುದೇ?

ಮರದಿಂದ ಬಿದ್ದರೆ ಮೂಳೆ ಒಮ್ಮೆಗೇ ಮುರಿಯುತ್ತದೆ. ಸ್ಟ್ರೆಸ್ ಫ್ರಾಕ್ಚರ್ ಹಾಗಲ್ಲ, ಅದು ದಣಿವಿನ ಬಿರುಕು. ಒಂದು ತಂತಿಯನ್ನು ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬಾಗಿಸಿದರೆ ಕೊನೆಗೆ ಅದು ತುಂಡಾಗುತ್ತದೆ. ಮೂಳೆಗೂ ಹಾಗೆಯೇ ಆಗಬಹುದು. ಆದರೆ ತಂತಿಗೆ ಜೀವವಿಲ್ಲ, ಮೂಳೆಗೆ ಇದೆ. ಮಳೆಗಾಲದಲ್ಲಿ ಗದ್ದೆಯ ಬದು ಅಲ್ಲಲ್ಲಿ ಕೊರೆದಾಗ ರೈತ ಮಣ್ಣು ಹಾಕಿ ಸರಿಮಾಡುತ್ತಾನೆ. ನಮ್ಮ ದೇಹವೂ ಮೂಳೆಯ ಸವೆತವನ್ನು ದಿನದಿನವೂ ರಿಪೇರಿ ಮಾಡುತ್ತಿರುತ್ತದೆ. ರಿಪೇರಿಗಿಂತ ಸವೆತವೇ ಹೆಚ್ಚಾದರೆ ಬದು ಒಡೆಯುತ್ತದೆ.

ಸೊಂಟದ ಭಾಗದಲ್ಲಿ ಬೆನ್ನುಮೂಳೆಯ ಐದು ಮಣಿಗಳಿವೆ. ಪ್ರತಿ ಮಣಿಯ ಹಿಂಭಾಗದಲ್ಲಿ, ಮೇಲಿನ ಕೀಲಿಗೂ ಕೆಳಗಿನ ಕೀಲಿಗೂ ನಡುವೆ, ಎಡಕ್ಕೊಂದು ಬಲಕ್ಕೊಂದು ಕಿರಿದಾದ ಮೂಳೆಯ ಸೇತುವೆ ಇದೆ. ಬಿರುಕು ಬಿಡುವುದು ಅಲ್ಲಿ, ಹೆಚ್ಚಾಗಿ ಎಲ್ಲಕ್ಕಿಂತ ಕೆಳಗಿನ ಐದನೆಯ ಮಣಿಯಲ್ಲಿ. ಬೆನ್ನನ್ನು ಹಿಂದಕ್ಕೆ ಬಾಗಿಸಿ ತಿರುಚಿದಾಗ ಈ ಸೇತುವೆಯ ಮೇಲೆ ಭಾರ ಬೀಳುತ್ತದೆ. ವೇಗದ ಬೌಲರ್ ಪ್ರತಿ ಎಸೆತದಲ್ಲೂ ಮಾಡುವುದು ಅದನ್ನೇ. ಮುಂದಿನ ಕಾಲು ನೆಲಕ್ಕೆ ಅಪ್ಪಳಿಸುವ ಕ್ಷಣದಲ್ಲಿ ದೇಹದ ತೂಕದ ಐದಾರು ಪಟ್ಟು ಹೊಡೆತ ಕಾಲಿನ ಮೂಲಕ ಮೇಲೇರುತ್ತದೆ. ಬಲಗೈ ಬೌಲರ್‌ಗೆ ಸಾಮಾನ್ಯವಾಗಿ ಎಡಬದಿಯಲ್ಲಿ ಬಿರುಕು ಕಾಣಿಸಿಕೊಳ್ಳುತ್ತದೆ. ಜಿಮ್ನಾಸ್ಟಿಕ್ಸ್, ಡೈವಿಂಗ್, ಭಾರ ಎತ್ತುವುದು, ಬೆನ್ನು ಬಾಗಿಸುವ ನೃತ್ಯ ಇವುಗಳಲ್ಲಿ ತೊಡಗಿದ ಮಕ್ಕಳಿಗೂ ಇದು ಬರಬಹುದು. ಬೆಳೆಯುವ ವಯಸ್ಸಿನಲ್ಲಿ ಮೂಳೆ ಇನ್ನೂ ಪೂರ್ತಿ ಬಲಿತಿರುವುದಿಲ್ಲ.

ಗುರುತಿಸುವುದು ಹೇಗೆ?

ನೋವು ಸೊಂಟದ ಒಂದು ಬದಿಯಲ್ಲಿ, ಬೆರಳಿಟ್ಟು ತೋರಿಸುವಂತೆ ಇರಬಹುದು. ಆಡಿದಾಗ ಹೆಚ್ಚುತ್ತದೆ, ಕೂತಾಗ ಕಡಿಮೆಯಾಗುತ್ತದೆ. ಮುಂದಕ್ಕೆ ಬಗ್ಗುವುದಕ್ಕಿಂತ ಹಿಂದಕ್ಕೆ ಬಾಗಿದಾಗ ಚುಚ್ಚುತ್ತದೆ. ಆಟವಾಡುವ ಮಗುವಿಗೆ ಇಂಥ ನೋವು ಎರಡು ಮೂರು ವಾರವಾದರೂ ಹೋಗದಿದ್ದರೆ ವೈದ್ಯರಿಗೆ ತೋರಿಸಿ. ಜ್ವರ, ರಾತ್ರಿ ನಿದ್ದೆಗೆಡಿಸುವ ನೋವು, ಕಾಲು ಜೋಮು ಹಿಡಿಯುವುದು ಅಥವಾ ಬಲ ಕಳೆದುಕೊಳ್ಳುವುದು, ಮೂತ್ರದ ಹಿಡಿತ ತಪ್ಪುವುದು ಇವುಗಳಲ್ಲಿ ಯಾವುದಿದ್ದರೂ ವಾರ ಎಣಿಸಬೇಡಿ, ಕೂಡಲೇ ಹೋಗಿ.

ತಾತಂದಿರೇ, ಅಜ್ಜಿಯರೇ, ಒಂದು ಮಾತು. ‘ಉಳುಕಿರಬೇಕು’ ಎಂದು ಬೆನ್ನು ತುಳಿಸಬೇಡಿ, ಎಳೆದು ತಿರುಚಿ ಲಟಕ್ ಎನ್ನಿಸಬೇಡಿ. ಬಿಸಿನೀರಿನ ಶಾಖ ಹಿತವೆನಿಸಿದರೆ ಕೊಡಿ, ಅಡ್ಡಿಯಿಲ್ಲ. ಆದರೆ ಎಣ್ಣೆಯಾಗಲಿ ಮುಲಾಮಾಗಲಿ ಬಿರುಕನ್ನು ಕೂಡಿಸದು.

ಹೊಸ ಬಿರುಕು ಎಕ್ಸ್‌ರೇಯಲ್ಲಿ ಹಲವು ಸಲ ಕಾಣುವುದೇ ಇಲ್ಲ. ಆದ್ದರಿಂದ ಎಕ್ಸ್‌ರೇ ಸರಿಯಿದ್ದರೂ ವೈದ್ಯರು ಎಂಆರ್‌ಐ ಹೇಳಬಹುದು. ಬಿರುಕು ಬಿಡುವ ಮೊದಲೇ ಮೂಳೆ ದಣಿದಿರುವುದನ್ನು ಅದು ತೋರಿಸಬಲ್ಲದು. ಅಷ್ಟು ಬೇಗ ಸಿಕ್ಕರೆ ಕೂಡಿಕೊಳ್ಳುವ ಸಾಧ್ಯತೆಯೂ ಹೆಚ್ಚು.

ನೋವು ಹೋಯಿತು, ಬಿರುಕು ಹೋಯಿತೇ?

ಇದರ ಮುಖ್ಯ ಔಷಧ ಆಟದಿಂದ ಬಿಡುವು. ಸಾಮಾನ್ಯವಾಗಿ ಸುಮಾರು ಮೂರು ತಿಂಗಳು. ಹಾಸಿಗೆ ಹಿಡಿಯಬೇಕಿಲ್ಲ. ಶಾಲೆಗೆ ಹೋಗಬಹುದು, ನಡೆಯಬಹುದು. ಓಟ, ನೆಗೆತ, ಬೌಲಿಂಗ್ ಬೇಡ. ಕೆಲವರಿಗೆ ಸೊಂಟದ ಪಟ್ಟಿಯನ್ನೂ ಕೊಡುತ್ತೇವೆ. ನಂತರ ಹೊಟ್ಟೆ, ಬೆನ್ನು, ತೊಡೆಯ ಸ್ನಾಯುಗಳಿಗೆ ಫಿಸಿಯೋಥೆರಪಿ ವ್ಯಾಯಾಮ. ಆಮೇಲೆ ಮೆಲ್ಲಗೆ ಓಟ, ಕೊನೆಗೆ ದಿನಕ್ಕೆ ಕೆಲವೇ ಎಸೆತಗಳಿಂದ ಬೌಲಿಂಗ್. ಪೂರ್ತಿ ಆಟಕ್ಕೆ ಮರಳಲು ನಾಲ್ಕರಿಂದ ಆರು ತಿಂಗಳು, ವೇಗದ ಬೌಲರ್‌ಗೆ ಇನ್ನೂ ಹೆಚ್ಚು ಬೇಕಾಗಬಹುದು.

ಕಷ್ಟ ಇರುವುದು ನಡುವೆ. ನೋವು ಕೆಲವೇ ವಾರಗಳಲ್ಲಿ ಮಾಯವಾಗುತ್ತದೆ, ಮೂಳೆ ಮಾತ್ರ ಇನ್ನೂ ಕೂಡಿರುವುದಿಲ್ಲ. ‘ತಾತ, ಈಗ ನೋವೇ ಇಲ್ಲ, ಒಂದೇ ಮ್ಯಾಚ್’ ಎಂದು ಮೊಮ್ಮಗ ಗೋಗರೆಯುವುದು ಆಗಲೇ. ಸಸಿ ಚಿಗುರಿತೆಂದು ಬೇಲಿ ಕಿತ್ತರೆ ಏನಾಗುತ್ತದೆಂದು ನಿಮಗೆ ಗೊತ್ತು. ಆಗ ಗಟ್ಟಿಯಾಗಿ ನಿಲ್ಲಬೇಕಾದವರು ನೀವು. ಅವನನ್ನು ಸ್ಕೋರ್ ಬರೆಯಲು ಕೂರಿಸಿ, ಚದುರಂಗ ಹಾಸಿ, ಹಳೆಯ ಆಟಗಾರರ ಕತೆ ಹೇಳಿ. ಆಸ್ಟ್ರೇಲಿಯಾದ ಡೆನಿಸ್ ಲಿಲ್ಲಿ 1973ರಲ್ಲಿ ಇದೇ ಬಿರುಕಿನಿಂದ ಆಟ ಬಿಟ್ಟು ಕೂರಬೇಕಾಯಿತು. ಬೆನ್ನಿಗೆ ಪ್ಲಾಸ್ಟರ್ ಹಾಕಿಸಿಕೊಂಡರು, ತಾಳ್ಮೆಯಿಂದ ವ್ಯಾಯಾಮ ಮಾಡಿದರು. 1974–75ರಲ್ಲಿ ಮರಳಿ ಬಂದು ಇಂಗ್ಲೆಂಡ್ ವಿರುದ್ಧದ ಸರಣಿಯಲ್ಲಿ 25 ವಿಕೆಟ್ ಪಡೆದರು.

ಕೆಲವರ ಬಿರುಕು ಪೂರ್ತಿ ಕೂಡುವುದಿಲ್ಲ. ಆದರೂ ಸ್ನಾಯು ಬಲವಾಗಿದ್ದರೆ ಅವರಲ್ಲಿ ಅನೇಕರು ನೋವಿಲ್ಲದೆ ಆಡುತ್ತಾರೆ. ಎರಡೂ ಬದಿ ಬಿರುಕು ಬಿಟ್ಟರೆ ಮಣಿ ಮುಂದಕ್ಕೆ ಜಾರುವ ಸಂಭವವಿದೆ, ಅದನ್ನು ಆಗಾಗ ಪರೀಕ್ಷಿಸಬೇಕು. ಶಸ್ತ್ರಚಿಕಿತ್ಸೆ ಬೇಕಾಗುವ ಮಕ್ಕಳು ಬಹಳ ಕಡಿಮೆ.

ತಾತನ ಕೈಯಲ್ಲೊಂದು ಲೆಕ್ಕದ ಪುಸ್ತಕ

ಶಾಲಾ ತಂಡದಲ್ಲಿ ನಾಲ್ಕು ಓವರ್, ಕೋಚಿಂಗ್‌ನಲ್ಲಿ ಆರು, ಸಂಜೆ ಬೀದಿಯಲ್ಲಿ ಎಷ್ಟೋ. ಒಟ್ಟು ಲೆಕ್ಕ ಯಾರ ಬಳಿಯೂ ಇರುವುದಿಲ್ಲ. ತಾತ ಅದನ್ನು ಬರೆದಿಟ್ಟರೆ ದೊಡ್ಡ ಉಪಕಾರ. ಇಂಗ್ಲೆಂಡಿನ ಕ್ರಿಕೆಟ್ ಮಂಡಳಿ ಹದಿಮೂರರೊಳಗಿನ ವೇಗದ ಬೌಲರ್‌ಗಳಿಗೆ ಒಂದು ಸ್ಪೆಲ್‌ಗೆ 5, ದಿನಕ್ಕೆ 10 ಓವರ್ ಎಂದು ಮಿತಿ ಹಾಕಿತ್ತು. ವಾರದಲ್ಲಿ ಕೆಲವು ದಿನ ಪೂರ್ತಿ ಬಿಡುವು ಇರಲಿ. ಇದ್ದಕ್ಕಿದ್ದಂತೆ ಓವರ್ ಹೆಚ್ಚಿಸುವುದು ಬೇಡ. ಊಟದಲ್ಲಿ ರಾಗಿ, ಹಾಲು, ಎಳ್ಳು ಇರಲಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಬಿಸಿಲು, ಒಳ್ಳೆಯ ನಿದ್ದೆಯೂ ಬೇಕು.

ಹಿರಿಯರೇ, ನಿಮ್ಮ ಬೆನ್ನಿನ ಕಡೆಗೂ ಗಮನವಿರಲಿ. ಮೊಮ್ಮಗನದು ಗಟ್ಟಿ ಮೂಳೆ, ಅತಿ ಕೆಲಸದಿಂದ ಬಿರುಕು ಬಿಡುತ್ತದೆ. ನಿಮ್ಮದು ಟೊಳ್ಳಾದ ಮೂಳೆಯಾಗಿದ್ದರೆ ಸಾಧಾರಣ ಕೆಲಸಕ್ಕೇ, ಒಂದು ಬಿಂದಿಗೆ ಎತ್ತಿದ್ದಕ್ಕೇ ಕುಸಿಯಬಹುದು. ಎತ್ತರ ಕಡಿಮೆಯಾಗುತ್ತಿದ್ದರೆ, ಬೆನ್ನು ಬಾಗುತ್ತಿದ್ದರೆ, ಒಮ್ಮೆಗೇ ಸೊಂಟ ನೋವು ಹಿಡಿದರೆ ‘ವಯಸ್ಸಾಯಿತು’ ಎಂದು ಸುಮ್ಮನಿರಬೇಡಿ. ಮೂಳೆಯ ಸಾಂದ್ರತೆ ಪರೀಕ್ಷಿಸಿಕೊಳ್ಳಿ. ನಿಮಗೆ ತಿಂಗಳುಗಟ್ಟಲೆ ಮಲಗುವುದು ಔಷಧವಲ್ಲ, ಮೂಳೆ ಇನ್ನಷ್ಟು ಸೊರಗುತ್ತದೆ. ವೈದ್ಯರು ಒಪ್ಪಿದ ಕೂಡಲೇ ಎದ್ದು ನಡೆದಾಡಿ. ಆಟಕ್ಕೆ ರಜೆ ಹಾಕಿದ ಮೊಮ್ಮಗ ಮನೆಯಲ್ಲಿದ್ದರೆ ಸಂಜೆಯ ನಡಿಗೆಗೆ ಅವನನ್ನೂ ಕರೆದುಕೊಂಡು ಹೋಗಿ.